ಖಾತ, ಚಿತಿ, ಸ್ತಂಭ, ಪಟ್ಟಕ: ಗಡಿಭಾಷೆಗಳಲ್ಲಿ ಒಂದು ಘನಫಲಸೂತ್ರದ ಚರಿತ್ರೆ

ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದರೆ ಪಟ್ಟಕದ ಘನಫಲ ದೊರೆಯುತ್ತದೆ. ಶಾಲೆಯ ರೇಖಾಗಣಿತದಲ್ಲಿ ಇಷ್ಟು ಸರಳವಾಗಿಯೂ ಇಷ್ಟು ವ್ಯಾಪಕವಾಗಿಯೂ ಇರುವ ಸೂತ್ರಗಳು ಹೆಚ್ಚಿಲ್ಲ. ಪಾದವು ತ್ರಿಭುಜವಾಗಿರಲಿ, ಆಯತವಾಗಿರಲಿ, ಷಡ್ಭುಜವಾಗಿರಲಿ, ಬುಡದಿಂದ ತುದಿಯವರೆಗೆ ಅಡ್ಡಕೊಯ್ತ ಬದಲಾಗದಿದ್ದರೆ ಸೂತ್ರವೂ ಬದಲಾಗುವುದಿಲ್ಲ. ಪಾದವು ವೃತ್ತವಾದಾಗ ಆಕೃತಿಯ ಹೆಸರು ಸಿಲಿಂಡರ್ ಎಂದಾಗುತ್ತದೆ. ಸೂತ್ರ ಮಾತ್ರ ಅದೇ.

ಈ ಸೂತ್ರವನ್ನು ಕಾಸರಗೋಡಿನಿಂದ ಹೊಸೂರಿಗೂ, ಅಲ್ಲಿಂದ ಆದೋನಿಗೂ, ಮುಂದೆ ಅಕ್ಕಲಕೋಟೆಗೂ ಒಯ್ದರೆ ಅದರ ಸುತ್ತಲಿನ ಮಾತುಗಳು ಬದಲಾಗುತ್ತ ಹೋಗುತ್ತವೆ. ಮಲಯಾಳಂ ಶಾಲಾಗಣಿತದಲ್ಲಿ ಪಟ್ಟಕವು 'ಸ್ತಂಭಂ', ಘನಫಲವು 'ವ್ಯಾಪ್ತಂ'. ತಮಿಳಿನಲ್ಲಿ 'ಪಟ್ಟಗಂ' ಮತ್ತು 'ಕನ ಅಳವು'. ತೆಲುಗಿನಲ್ಲಿ 'ಪಟ್ಟಕಂ' ಮತ್ತು 'ಘನಪರಿಮಾಣಂ'. ಮರಾಠಿಯಲ್ಲಿ ಆಯತಘನವು 'ಇಷ್ಟಿಕಾಚಿತಿ', ಸಿಲಿಂಡರು 'ವೃತ್ತಚಿತಿ', ಘನಫಲವು 'ಘನಫಳ'. ಈ ಪದಗಳು ಒಂದು ಇಂಗ್ಲಿಷ್ ಪಾರಿಭಾಷಿಕದ ಐದು ಅನುವಾದಗಳಂತೆ ಮೇಲುನೋಟಕ್ಕೆ ತೋರುತ್ತವೆ. ಚರಿತ್ರೆಯನ್ನು ಬಗೆದು ನೋಡಿದರೆ ಹಾಗಲ್ಲ. ಇವುಗಳಲ್ಲಿ ಹಲವು ಪದಗಳ ಬೆನ್ನಿಗೆ ಒಂದೊಂದು ಕಸುಬು ಇದೆ: ಗುಂಡಿ ಅಗೆಯುವುದು, ಇಟ್ಟಿಗೆ ಪೇರಿಸುವುದು, ಮರ ಕೊಯ್ಯುವುದು, ಕಂಬ ನಿಲ್ಲಿಸುವುದು. ಆ ಕಸುಬುಗಳನ್ನು ಗಣಿತವಾಗಿಸಿದ ಪರಂಪರೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಗಡಿನಾಡ ಕನ್ನಡ ತರಗತಿಯಲ್ಲಿ ಈ ಪದಭೇದವನ್ನು ಗೊಂದಲವೆಂದು ಎಣಿಸುವ ಮೊದಲು ಆ ಪಾಲಿನ ಲೆಕ್ಕ ತೆಗೆಯುವುದು ಅಗತ್ಯ.

1. ಗುಂಡಿಯೇ ಮೊದಲ ಪಟ್ಟಕ

ಭಾರತೀಯ ಗಣಿತಗ್ರಂಥಗಳಲ್ಲಿ ಘನಫಲದ ವಿಚಾರ ಮೊದಲು ಬರುವುದು ನೆಲದ ಮೇಲೆ ನಿಂತ ಆಕೃತಿಯಾಗಿ ಅಲ್ಲ, ನೆಲದೊಳಗೆ ತೋಡಿದ ಬರಿದಾದ ಜಾಗವಾಗಿ. 628ರಲ್ಲಿ ರಚಿತವಾದ ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕ್ಷೇತ್ರವ್ಯವಹಾರದ ಬೆನ್ನಿಗೇ ಖಾತ, ಚಿತಿ, ಕ್ರಕಚ, ರಾಶಿ ಎಂಬ ವ್ಯವಹಾರಗಳು ಬರುತ್ತವೆ. ಖಾತವೆಂದರೆ ಅಗೆದ ಗುಂಡಿ, ಚಿತಿಯೆಂದರೆ ಇಟ್ಟಿಗೆಯ ಪೇರಿಕೆ, ಕ್ರಕಚವೆಂದರೆ ಗರಗಸ, ರಾಶಿಯೆಂದರೆ ಧಾನ್ಯದ ಗುಡ್ಡೆ. ಇಂದಿನ ಪಠ್ಯಪುಸ್ತಕ ಆಕೃತಿಯನ್ನು ಅನುಸರಿಸಿ ಅಧ್ಯಾಯಗಳನ್ನು ವಿಂಗಡಿಸಿದರೆ, ಅಂದಿನ ಗ್ರಂಥ ಕೆಲಸವನ್ನು ಅನುಸರಿಸಿ ವಿಂಗಡಿಸಿತು.

9ನೇ ಶತಮಾನದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಈ ವಿಂಗಡಣೆಯನ್ನು ಸ್ವಲ್ಪ ಬದಲಿಸಿತು. ಅದರ ಎಂಟನೆಯ ಅಧ್ಯಾಯವಾದ ಖಾತವ್ಯವಹಾರದ ಒಳಗೇ ಇಟ್ಟಿಗೆಯ ಪೇರಿಕೆಯೂ ಗರಗಸದ ಕೆಲಸವೂ ಅಡಕವಾಗಿವೆ. ಆರಂಭದಲ್ಲಿ ಮಹಾವೀರನು ಅಮೋಘವರ್ಷ ನೃಪತುಂಗನನ್ನು ಸ್ತುತಿಸುತ್ತಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ತೆಲಂಗಾಣದ ಗಡಿಯಿಂದ ಬಹುದೂರವೇನಲ್ಲ. ಖಾತಾಧ್ಯಾಯದ ಮೊದಲ ನಿಯಮವೇ ಶಾಲೆಯ ಪಟ್ಟಕಸೂತ್ರ: ಕ್ಷೇತ್ರಫಲವನ್ನು ಆಳದಿಂದ ಗುಣಿಸಬೇಕು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ, ಒಂದೇ ಉದ್ದವಿರುವ ಗುಂಡಿಯೇ 'ಸಮಖಾತ'. ಎತ್ತರವೆಂಬ ಮಾತಿನ ಬದಲು ಅಲ್ಲಿ 'ವೇಧ' ಎಂಬ ಪದವಿದೆ. ಅದು ನೆಲವನ್ನು ಭೇದಿಸಿ ಇಳಿದ ಆಳ. ಹೀಗೆ ಶಾಲೆಯ ಪಟ್ಟಕವು ಸಮಖಾತವನ್ನೇ ತಲೆಕೆಳಗು ಮಾಡಿ ನಿಲ್ಲಿಸಿದ ರೂಪ.

ನಿಜವಾದ ಗುಂಡಿ ಎಂದೂ ಸಮವಾಗಿರುವುದಿಲ್ಲವೆಂಬುದು ಈ ಗ್ರಂಥಕಾರರಿಗೆ ತಿಳಿದಿತ್ತು. 1150ರ ಭಾಸ್ಕರಾಚಾರ್ಯನ ಲೀಲಾವತಿ ಅದಕ್ಕೊಂದು ಉಪಾಯ ಹೇಳುತ್ತದೆ: ಅಗಲ, ಉದ್ದ, ಆಳ ಇವನ್ನು ಹಲವು ಕಡೆ ಅಳೆದು, ಅಳತೆಗಳನ್ನು ಕೂಡಿಸಿ, ಅಳೆದ ಸ್ಥಳಗಳ ಸಂಖ್ಯೆಯಿಂದ ಭಾಗಿಸಬೇಕು. ಬರುವ ಸರಾಸರಿಗೆ ಅಲ್ಲಿನ ಹೆಸರು 'ಸಮಮಿತಿ'. ಅಂಕುಡೊಂಕಾದ ಗುಂಡಿಯನ್ನು ಅದಕ್ಕೆ ಸರಿಸಮವಾದ ಪಟ್ಟಕವಾಗಿ ಮಾರ್ಪಡಿಸುವ ಕ್ರಮ ಇದು. ಪಟ್ಟಕದ ಸೂತ್ರ ಇಲ್ಲಿ ಒಂದು ಅಚ್ಚುಕಟ್ಟಾದ ಆಕೃತಿಯ ಗುಣವರ್ಣನೆ ಮಾತ್ರವಾಗಿ ಉಳಿಯದೆ, ಬೇರೆ ಆಕೃತಿಗಳನ್ನು ಅಳೆಯುವ ಅಳತೆಗೋಲಾಗಿ ಕೆಲಸ ಮಾಡುತ್ತದೆ.

2. ಕೂಲಿಯ ಲೆಕ್ಕ

ಖಾತವ್ಯವಹಾರದ ಹಿಂದಿನ ಒತ್ತಡ ಕೂಲಿಯದು. ಅಗೆದ ಮಣ್ಣಿನ ಪ್ರಮಾಣಕ್ಕೆ ತಕ್ಕಂತೆ ಹಣ ಸಲ್ಲುವಲ್ಲಿ ಘನಫಲ ತಪ್ಪಿದರೆ ಯಾರಾದರೊಬ್ಬರಿಗೆ ನಷ್ಟ. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಬಾವಿಯಲ್ಲಿ ಈ ತೊಡಕು ಎದ್ದು ಕಾಣುತ್ತದೆ. ಲೀಲಾವತಿಯ ಒಂದು ಲೆಕ್ಕದಲ್ಲಿ ಬಾವಿಯ ಬಾಯಿ 12 ಮೊಳ ಉದ್ದ, 10 ಮೊಳ ಅಗಲ. ತಳ ಅದರ ಅರ್ಧ, ಎಂದರೆ 6 ಮತ್ತು 5 ಮೊಳ. ಆಳ 7 ಮೊಳ. ಅಗೆದ ಮಣ್ಣೆಷ್ಟು?

ಇದಕ್ಕೆ ಎರಡು ಸುಲಭ ದಾರಿಗಳಿವೆ. ಬಾಯಿ ಮತ್ತು ತಳಗಳ ಉದ್ದದ ಸರಾಸರಿ 9, ಅಗಲದ ಸರಾಸರಿ 7.5, ಅವುಗಳ ಗುಣಲಬ್ಧ 67.5. ಅದನ್ನು 7ರಿಂದ ಗುಣಿಸಿದರೆ 472.5 ಘನಮೊಳ. ಇನ್ನೊಂದು ದಾರಿಯಲ್ಲಿ ಬಾಯಿಯ ವಿಸ್ತೀರ್ಣ 120, ತಳದ ವಿಸ್ತೀರ್ಣ 30, ಸರಾಸರಿ 75. ಅದನ್ನು 7ರಿಂದ ಗುಣಿಸಿದರೆ 525 ಘನಮೊಳ. ಎರಡಕ್ಕೂ ನಡುವಣ ಅಂತರ 52.5. ಮೊದಲ ಲೆಕ್ಕ ಹಿಡಿದರೆ ಅಗೆದವನಿಗೆ ನಷ್ಟ, ಎರಡನೆಯದನ್ನು ಹಿಡಿದರೆ ಹಣ ಕೊಡುವವನಿಗೆ.

ಮಹಾವೀರನು ಈ ಎರಡು ಫಲಗಳಿಗೂ ಹೆಸರಿಟ್ಟಿದ್ದಾನೆ: ಮೊದಲನೆಯದು 'ಕರ್ಮಾಂತಿಕ', ಎರಡನೆಯದು 'ಔಂಡ್ರ'. ಬ್ರಹ್ಮಗುಪ್ತನಲ್ಲಿಯೂ ಇದೇ ನಿಯಮವಿದೆ. ಅವನ ಹೆಸರುಗಳು 'ವ್ಯಾವಹಾರಿಕ' ಮತ್ತು 'ಔತ್ರ'. ಇಬ್ಬರೂ ಸೂಚಿಸುವ ಪರಿಹಾರ ಒಂದೇ. ದೊಡ್ಡ ಫಲದಿಂದ ಚಿಕ್ಕದನ್ನು ಕಳೆದು, ಶೇಷವನ್ನು 3ರಿಂದ ಭಾಗಿಸಿ, ಬಂದುದನ್ನು ಚಿಕ್ಕ ಫಲಕ್ಕೆ ಕೂಡಿಸಬೇಕು. ಅದೇ 'ಸೂಕ್ಷ್ಮ' ಫಲ. 52.5ರ ಮೂರನೆಯ ಒಂದು ಪಾಲು 17.5, ಅದನ್ನು 472.5ಕ್ಕೆ ಕೂಡಿಸಿದರೆ 490. ಭಾಸ್ಕರನ ದಾರಿ ನೋಡಲು ಬೇರೆ. ಬಾಯಿಯ ವಿಸ್ತೀರ್ಣ 120, ತಳದ ವಿಸ್ತೀರ್ಣ 30, ಎರಡರ ಭುಜಗಳನ್ನು ಕೂಡಿಸಿ ಪಡೆದ 18 ಮತ್ತು 15ರ ಗುಣಲಬ್ಧ 270. ಮೂರೂ ಸೇರಿ 420. ಅದರ ಆರನೆಯ ಒಂದು ಪಾಲು 70. 7ರಿಂದ ಗುಣಿಸಿದರೆ ಅದೇ 490. ಬೀಜಗಣಿತದ ಭಾಷೆಯಲ್ಲಿ ಬರೆದು ನೋಡಿದರೆ ಎರಡೂ ನಿಯಮಗಳು ಒಂದೇ ಸೂತ್ರದ ಎರಡು ರೂಪಗಳು. ಮಣ್ಣಿನ ಕೆಲಸದ ಅಳತೆಗಾಗಿ ಇಂದಿನ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುವ ಪ್ರಿಸ್ಮಾಯ್ಡಲ್ ಸೂತ್ರವೂ ಇದೇ.

ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಚಿಕ್ಕ ಫಲ ಮತ್ತು ದೊಡ್ಡ ಫಲ ಎರಡೂ ಪಟ್ಟಕದ ಸೂತ್ರದಿಂದಲೇ ಬಂದವು. ಎರಡರಲ್ಲಿಯೂ ಬಾವಿಯನ್ನು ಒಂದು ಪಟ್ಟಕವೆಂದು ಎಣಿಸಲಾಗಿದೆ. ಪಟ್ಟಕವಲ್ಲದ್ದನ್ನು ಪಟ್ಟಕವೆಂದು ಎಣಿಸಿದಾಗ ಆಗುವ ತಪ್ಪಿನ ಅಳತೆ ಮೂರನೆಯ ಒಂದು ಪಾಲಿನ ತಿದ್ದುಪಡಿಯಲ್ಲಿದೆ. ಅದೇ ಮೂರನೆಯ ಒಂದು ಪಾಲು ಸೂಚೀಖಾತದಲ್ಲಿ, ಎಂದರೆ ತಳವು ಮೊನೆಯಾಗಿ ಮುಗಿಯುವ ಗುಂಡಿಯಲ್ಲಿ, ಮತ್ತೆ ಕಾಣಿಸಿಕೊಳ್ಳುತ್ತದೆ: ಅದರ ಘನಫಲ ಸಮಖಾತದ ಮೂರನೆಯ ಒಂದು ಪಾಲು. ಈ ತಿಳಿವು ತಾನಾಗಿ ಬಂದದ್ದಲ್ಲ. 499ರ ಆರ್ಯಭಟೀಯವನ್ನು ಅಕ್ಷರಶಃ ಓದಿದರೆ ಅಲ್ಲಿ ಪಿರಮಿಡ್ಡಿನ ಘನಫಲ ಪಾದ ಮತ್ತು ಎತ್ತರಗಳ ಗುಣಲಬ್ಧದ ಅರ್ಧ ಎಂದಿದೆ. ತ್ರಿಭುಜವು ಆಯತದ ಅರ್ಧವಾದಂತೆ ಇದೂ ಅರ್ಧವಿರಬೇಕೆಂಬ ಸಾದೃಶ್ಯದ ಎಳೆತ ಅದರಲ್ಲಿ ಕಾಣುತ್ತದೆ. ಬ್ರಹ್ಮಗುಪ್ತನಲ್ಲಿ ಅದು ಮೂರನೆಯ ಒಂದು ಪಾಲೆಂದು ಸರಿಯಾಯಿತು. ಇಂದಿನ ವಿದ್ಯಾರ್ಥಿಯೂ ಮೊದಲಿಗೆ ಅರ್ಧವೆಂದೇ ಊಹಿಸಿದರೆ, ಆ ಊಹೆಗೆ ಘನವಾದ ಪೂರ್ವಜರಿದ್ದಾರೆ.

3. ಪೇರಿಕೆ ಮತ್ತು ಗರಗಸ

ಗುಂಡಿಯು ಸರಾಸರಿಯ ವಿಚಾರವನ್ನು ಕಲಿಸಿದರೆ, ಇಟ್ಟಿಗೆಯ ಪೇರಿಕೆ ಸೂತ್ರದ ಕಾರಣವನ್ನು ಕಲಿಸುತ್ತದೆ. ಲೀಲಾವತಿಯ ಚಿತಿವ್ಯವಹಾರದಲ್ಲಿ ಇಟ್ಟಿಗೆಯ ಉದ್ದ 18 ಅಂಗುಲ, ಅಗಲ 12, ಎತ್ತರ 3. ಪೇರಿಕೆಯ ಉದ್ದ 8 ಮೊಳ, ಅಗಲ 5, ಎತ್ತರ 3. ಮೊಳಕ್ಕೆ 24 ಅಂಗುಲ. ಪೇರಿಕೆಯ ಘನಫಲ 120 ಘನಮೊಳ. ಒಂದು ಇಟ್ಟಿಗೆಯದು ಘನಮೊಳದ 64ರಲ್ಲಿ 3 ಪಾಲು. ಭಾಗಿಸಿದರೆ 2,560 ಇಟ್ಟಿಗೆಗಳು. ಗ್ರಂಥ ಅಷ್ಟಕ್ಕೇ ನಿಲ್ಲದೆ ವರಸೆಗಳನ್ನೂ ಎಣಿಸುತ್ತದೆ: 3 ಮೊಳ ಎತ್ತರವನ್ನು 3 ಅಂಗುಲದಿಂದ ಭಾಗಿಸಿದರೆ 24 ವರಸೆ.

ಪಾದದ ವಿಸ್ತೀರ್ಣವನ್ನು ಎತ್ತರದಿಂದ ಏಕೆ ಗುಣಿಸಬೇಕೆಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಪಾದದ ವಿಸ್ತೀರ್ಣ ಒಂದು ವರಸೆಯಲ್ಲಿ ಎಷ್ಟು ಹಿಡಿಯುತ್ತದೆಂಬುದನ್ನು ಹೇಳುತ್ತದೆ, ಎತ್ತರ ವರಸೆಗಳೆಷ್ಟೆಂಬುದನ್ನು. ಮರಾಠಿಯ 'ಇಷ್ಟಿಕಾಚಿತಿ' ಎಂಬ ಪದ ಈ ಸಾಧನೆಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಇಷ್ಟಿಕೆಯೇ ಕನ್ನಡದ ಇಟ್ಟಿಗೆ. 'ವೃತ್ತಚಿತಿ' ಎಂದಾಗ ದುಂಡನೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ ಚಿತ್ರ ಕಣ್ಣಮುಂದೆ ಬರುತ್ತದೆ. ಸೊಲ್ಲಾಪುರದ ಮರಾಠಿ ತರಗತಿಯಲ್ಲಿ ದಿನವೂ ಉಚ್ಚರಿಸಲಾಗುವ ಈ ಪದಗಳು ಮಹಾವೀರನ ಖಾತಾಧ್ಯಾಯದ ಒಳವಿಭಾಗದ ಹೆಸರನ್ನೇ ಹೊತ್ತಿವೆ.

ಗರಗಸದ ಕಥೆ ಇನ್ನೂ ವಿಚಿತ್ರವಾದದ್ದು. ಇಂಗ್ಲಿಷಿನ 'ಪ್ರಿಸಂ' ಪದದ ಮೂಲ ಗ್ರೀಕಿನ 'ಪ್ರಿಸ್ಮ'. ಅದರ ಅರ್ಥ ಗರಗಸದಿಂದ ಕೊಯ್ದದ್ದು. ಯೂಕ್ಲಿಡನ ಎಲಿಮೆಂಟ್ಸ್ ಗ್ರಂಥದ ಹನ್ನೊಂದನೆಯ ಪುಸ್ತಕದಲ್ಲಿ ಅದರ ವ್ಯಾಖ್ಯೆಯಿದೆ. ಹನ್ನೆರಡನೆಯ ಪುಸ್ತಕದ ಏಳನೆಯ ಪ್ರಮೇಯ ತ್ರಿಭುಜಪಾದದ ಪಟ್ಟಕವನ್ನು ಮೂರು ಸಮನಾದ ಪಿರಮಿಡ್ಡುಗಳಾಗಿ ಕತ್ತರಿಸುತ್ತದೆ. ಕೊಯ್ದದ್ದೆಂಬ ಹೆಸರು ಹೊತ್ತ ಆಕೃತಿಯನ್ನು ಮತ್ತೆ ಕೊಯ್ದು, ಮೂರನೆಯ ಒಂದು ಪಾಲಿನ ಕಾರಣವನ್ನು ಅದು ತೋರಿಸುತ್ತದೆ. ಆದರೆ ಯೂಕ್ಲಿಡನಲ್ಲಿ ಸಂಖ್ಯೆಯಾಗಿ ಘನಫಲವಿಲ್ಲ, ಮೊಳವೂ ಇಲ್ಲ. ಇರುವುದು ಒಂದು ಘನಾಕೃತಿಗೆ ಇನ್ನೊಂದರೊಡನೆ ಇರುವ ಅನುಪಾತ ಮಾತ್ರ.

ಭಾರತದ ಕ್ರಕಚವ್ಯವಹಾರವೂ ಗರಗಸದ ಗಣಿತವೇ, ಆದರೆ ಅದರ ಗುರಿ ಬೇರೆ. ಮರ ಕೊಯ್ಯುವವನಿಗೆ ಕೂಲಿ ಸಲ್ಲುವುದು ಮರದ ಗಾತ್ರಕ್ಕಲ್ಲ, ಗರಗಸ ಹಾದುಹೋದ ಮೇಲ್ಮೈಗೆ. ಆದ್ದರಿಂದ ಅಲ್ಲಿ ಲೆಕ್ಕ ಹಾಕುವುದು ಕೊಯ್ತದ ವಿಸ್ತೀರ್ಣವನ್ನು, ಅದನ್ನು ಗುಣಿಸುವುದು ಕೊಯ್ತಗಳ ಸಂಖ್ಯೆಯಿಂದ. ಮಹಾವೀರನು ಇದಕ್ಕಾಗಿ 42 ಅಂಗುಲದ 'ಕಿಷ್ಕು' ಎಂಬ ಮಾನವನ್ನೂ 'ಪಟ್ಟಿಕೆ' ಎಂಬ ಹಲಗೆಯ ಅಳತೆಯನ್ನೂ ಬಳಸುತ್ತಾನೆ. ಗ್ರೀಕರ ಗರಗಸ ಒಂದು ಘನಾಕೃತಿಗೆ ಹೆಸರು ಕೊಟ್ಟಿತು. ಇಲ್ಲಿನ ಗರಗಸ ಒಂದು ಕೂಲಿದರವನ್ನು ಕೊಟ್ಟಿತು.

ಕನ್ನಡದ ಭೌತವಿಜ್ಞಾನ ಬರಹಗಳು ಬೆಳಕನ್ನು ಬಣ್ಣಗಳಾಗಿ ಒಡೆಯುವ ಗಾಜಿಗೆ 'ಅಶ್ರಗ' ಎಂಬ ಪದವನ್ನೂ ಬಳಸಿವೆ. ಅಶ್ರವೆಂದರೆ ಮೂಲೆ, ಅಂಚು. ಇದಕ್ಕೂ ಹಳೆಯ ಬಂಧುಗಳಿವೆ: ಆರ್ಯಭಟನು ಘನವನ್ನು ಹನ್ನೆರಡು ಅಂಚಿನದೆಂದೂ ತ್ರಿಭುಜಪಾದದ ಪಿರಮಿಡ್ಡನ್ನು ಆರು ಅಂಚಿನದೆಂದೂ ಗುರುತಿಸುತ್ತಾನೆ. ಭಾಸ್ಕರನ ಘನಹಸ್ತವೂ 'ದ್ವಾದಶಾಶ್ರ'. ಮುಖಗಳನ್ನು ಎಣಿಸುವ ಬದಲು ಅಂಚುಗಳನ್ನು ಎಣಿಸಿ ಹೆಸರಿಡುವ ಈ ಕ್ರಮ ಗ್ರೀಕ್ ಪದ್ಧತಿಯಿಂದ ಬೇರೆಯಾದದ್ದು.

4. ಗ್ರಂಥಗಳ ಗಡಿದಾಟು

ಈ ಜ್ಞಾನ ಸಂಸ್ಕೃತದಲ್ಲೇ ಉಳಿಯಲಿಲ್ಲ. ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. ಸಾಮಾನ್ಯವಾಗಿ ಒಪ್ಪಿತವಾದ ಕಾಲ 11ನೇ ಶತಮಾನ. ರಾಷ್ಟ್ರಕೂಟ ದೊರೆಯ ಕಾಲದ ಜೈನ ಗ್ರಂಥವೊಂದು ಆಂಧ್ರದ ಕವಿಯ ಕೈಯಲ್ಲಿ ತೆಲುಗು ಪದ್ಯವಾಯಿತು. ಕನ್ನಡದಲ್ಲಿ 12ನೇ ಶತಮಾನದ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ, ಚಿತ್ರಹಸುಗೆ ಮೊದಲಾದ ಕೃತಿಗಳನ್ನು ರಚಿಸಿದನು. ಗಣಿತವನ್ನು ಕನ್ನಡದಲ್ಲಿಯೇ ಹೇಳಬಹುದೆಂಬುದಕ್ಕೆ ಎಂಟು ಶತಮಾನಗಳಿಗೂ ಹಿಂದಿನ ಸಾಕ್ಷ್ಯ ಅದು. ಪಶ್ಚಿಮ ಕರಾವಳಿಯಲ್ಲಿ, 1530ರ ಸುಮಾರಿಗೆ, ಜ್ಯೇಷ್ಠದೇವನ ಯುಕ್ತಿಭಾಷಾ ಮಲಯಾಳಂ ಗದ್ಯದಲ್ಲಿ ಗೋಳದ ಘನಫಲವನ್ನು ಸಾಧಿಸಿತು. ಅದರ ವಿಧಾನ ಗೋಳವನ್ನು ತೆಳುವಾದ ಬಿಲ್ಲೆಗಳಾಗಿ ಸೀಳಿ, ಪ್ರತಿ ಬಿಲ್ಲೆಯ ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಿ ಕೂಡಿಸುವುದು. ಪಾದ ಮತ್ತು ಎತ್ತರಗಳ ಹಳೆಯ ಸೂತ್ರವೇ ಅಲ್ಲಿ ದುಂಡನೆಯ ಆಕೃತಿಯನ್ನೂ ಗೆದ್ದಿತು.

ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದಾಗ ಕನ್ನಡ ಲಿಪಿಯ ಹಸ್ತಪ್ರತಿಗಳೂ ಅವರಿಗೆ ಆಧಾರವಾಗಿದ್ದವು. ಒಂದು ಸಂಸ್ಕೃತ ಗ್ರಂಥ ಕನ್ನಡ ಲಿಪಿಯಲ್ಲಿ ಉಳಿದು, ತೆಲುಗಿಗೆ ರೂಪಾಂತರವಾಗಿ, ಮದರಾಸಿನಲ್ಲಿ ಅಚ್ಚಾಯಿತು. ಇದರ ಹಾದಿಯನ್ನು ಇಂದಿನ ರಾಜ್ಯಗಳ ಗಡಿಗೆರೆಗಳಿಂದ ಅಳೆಯಲಾಗದು.

ಗಡಿಗೆರೆಗಳು ಬಂದದ್ದು ಆಮೇಲೆ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. 1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು. ಅಂದಿನಿಂದ ಒಂದೊಂದು ರಾಜ್ಯದ ಪಠ್ಯವ್ಯವಸ್ಥೆ ಅದರದೇ ಪರಿಭಾಷೆಯನ್ನು ಬೆಳೆಸಿತು. ಸೋದರಪದಗಳು ಪರಸ್ಪರ ದೂರವಾದವು.

5. ಪದಕುಟುಂಬ ಮತ್ತು ತರಗತಿ

ದೂರವಾದ ಪದಗಳು ಗಡಿನಾಡಿನಲ್ಲಿ ಎದುರುಬದುರಾಗುತ್ತವೆ. ಕೆಲವು ಕಡೆ ಒಂದೇ ಉಚ್ಚಾರದ ಪದ ಬೇರೆ ಆಕೃತಿಯನ್ನು ಸೂಚಿಸುತ್ತದೆ. ತೆಲುಗಿನ ಶಾಲಾಗಣಿತದಲ್ಲಿ 'ಸ್ಥೂಪಂ' ಎಂದರೆ ಸಿಲಿಂಡರ್. ಮಲಯಾಳದಲ್ಲಿ 'ಸ್ತೂಪಿಕ' ಎಂದರೆ ಪಿರಮಿಡ್, 'ವೃತ್ತಸ್ತೂಪಿಕ' ಎಂದರೆ ಶಂಕು. ಒಂದರ ಘನಫಲ ಇನ್ನೊಂದರ ಮೂರು ಪಟ್ಟು. ಸನ್ನತಿಯ ಬೌದ್ಧಾವಶೇಷಗಳನ್ನು ನೋಡಿದ ಕನ್ನಡಿಗನಿಗೆ ಸ್ತೂಪವೆಂದರೆ ಇವೆರಡೂ ಅಲ್ಲದ ಗುಮ್ಮಟ. ಮರಾಠಿಯ ವಿಜ್ಞಾನಪಠ್ಯದಲ್ಲಿ 'ಲೋಲಕ' ಎಂದರೆ ಬೆಳಕು ಒಡೆಯುವ ಗಾಜಿನ ಪಟ್ಟಕ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅದು ತೂಗಾಡುವ ಗುಂಡು. ಇಂತಹ ಪದಗಳನ್ನು ಗುರುತಿಸಿ ಎಚ್ಚರಿಸದಿದ್ದರೆ ಎರಡು ಭಾಷೆ ಬಲ್ಲ ವಿದ್ಯಾರ್ಥಿಯ ಬಲವೇ ತೊಡಕಾಗುತ್ತದೆ.

ಇನ್ನೊಂದು ಬಗೆಯ ಭೇದ ಇದಕ್ಕಿಂತ ಹೆಚ್ಚು ವಿಚಾರಯೋಗ್ಯ. ಮಲಯಾಳದಲ್ಲಿ ತ್ರಿಕೋಣಸ್ತಂಭವೂ ವೃತ್ತಸ್ತಂಭವೂ ಒಂದೇ ಕುಟುಂಬ. ಮರಾಠಿಯಲ್ಲಿ ಇಷ್ಟಿಕಾಚಿತಿಯೂ ವೃತ್ತಚಿತಿಯೂ ಒಂದೇ ಕುಟುಂಬ. ಪದವನ್ನು ಕೇಳಿದಾಗಲೇ ಇವುಗಳಿಗೆ ಸೂತ್ರ ಒಂದೇ ಇರಬೇಕೆಂಬ ಸುಳಿವು ಸಿಗುತ್ತದೆ. ಕನ್ನಡದ ಶಾಲಾಪರಿಭಾಷೆಯಲ್ಲಿ ಪಟ್ಟಕ, ಆಯತಘನ, ಸಿಲಿಂಡರ್ ಎಂಬ ಮೂರು ಪದಗಳಿಗೆ ಪರಸ್ಪರ ಯಾವ ನಂಟೂ ಇಲ್ಲ. ತಮಿಳಿನ ಪಟ್ಟಗಂ, ಕನಚ್ಚೆವ್ವಗಂ, ಉರುಳೈ ಎಂಬ ಪದಗಳ ಸ್ಥಿತಿಯೂ ಹೀಗೆಯೇ. ಇಲ್ಲಿ ಒಂದೇ ಸೂತ್ರವನ್ನು ಮೂರು ಸೂತ್ರಗಳೆಂದು ಕಂಠಪಾಠ ಮಾಡುವ ಅಪಾಯವಿದೆ. ಹಾಗೆ ನೋಡಿದರೆ ಮಂಜೇಶ್ವರದಲ್ಲಿ ಅಥವಾ ಜತ್ತದಲ್ಲಿ ಕನ್ನಡದಲ್ಲಿ ಗಣಿತ ಕಲಿಯುತ್ತ ಬೀದಿಯಲ್ಲಿ ಇನ್ನೊಂದು ಭಾಷೆ ಆಡುವ ವಿದ್ಯಾರ್ಥಿಗೆ, ಬೆಂಗಳೂರಿನ ವಿದ್ಯಾರ್ಥಿಗೆ ಇಲ್ಲದ ಒಂದು ಅನುಕೂಲ ಕೈಯಳತೆಯಲ್ಲಿದೆ.

ಆ ಅನುಕೂಲ ತಾನಾಗಿ ಒದಗುವುದಿಲ್ಲ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ. ಪಟ್ಟಕ, ಪಿರಮಿಡ್, ಶಂಕುಗಳ ಘನಫಲ ಪೂರ್ಣವಾಗಿ ಬರುವುದು ಆ ಹಂತ ದಾಟಿದ ಮೇಲೆ. ಪಾರಿಭಾಷಿಕ ಪದಗಳ ಭಾರ ಹೆಚ್ಚುವ ಹೊತ್ತಿಗೆ ಆ ವಿಧಿಯ ಆಸರೆ ಮುಗಿದಿರುತ್ತದೆ. ಆಗ ಬಹುಸಂಖ್ಯಾತ ಭಾಷೆಯ ಪದವನ್ನು ಹಾಗೆಯೇ ಕನ್ನಡ ಲಿಪಿಗೆ ಇಳಿಸುವುದು ಒಂದು ದಾರಿ. ಕರ್ನಾಟಕದ ಪದವನ್ನೇ ಕಡ್ಡಾಯ ಮಾಡುವುದು ಇನ್ನೊಂದು. ಪರೀಕ್ಷೆಯ ಏಕರೂಪತೆಯ ದೃಷ್ಟಿಯಿಂದ ಎರಡಕ್ಕೂ ಸಮರ್ಥನೆಯುಂಟು. ಉತ್ತರಪತ್ರಿಕೆ ತಿದ್ದುವವರಿಗೆ ಒಂದು ಒಪ್ಪಿತ ಪದ ಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಎರಡು ದಾರಿಗಳೂ ಪದವನ್ನು ಬರಿಯ ಚೀಟಿಯೆಂದು ಭಾವಿಸುತ್ತವೆ, ಅದರೊಳಗಿನ ಕಾರಣವನ್ನು ಬಿಟ್ಟುಬಿಡುತ್ತವೆ. ಚಿತಿ ವರಸೆಗಳನ್ನು ತೋರಿಸುತ್ತದೆ, ಖಾತ ಸರಾಸರಿಯನ್ನು; ಸ್ತಂಭ ಬದಲಾಗದ ಅಡ್ಡಕೊಯ್ತವನ್ನು ತೋರಿಸುತ್ತದೆ, ಅಶ್ರಗ ಅಂಚುಗಳನ್ನು.

ಆದುದರಿಂದ ಗಡಿನಾಡ ಶಾಲೆಗಳಿಗೆ ಬೇಕಾದ ಗಣಿತಪದಕೋಶ ಒಂದು ಪದಕ್ಕೆ ಇನ್ನೊಂದು ಪದವನ್ನು ಕೊಟ್ಟು ಮುಗಿಸುವಂಥದ್ದಾಗಬಾರದು. 'ಪಟ್ಟಕ' ಎಂಬ ನಮೂದಿನಡಿ ಸುತ್ತಲಿನ ನಾಲ್ಕು ಭಾಷೆಗಳ ಪದಗಳೂ, ಎಚ್ಚರಿಸಬೇಕಾದ ಸ್ಥೂಪ–ಸ್ತೂಪಿಕಗಳೂ, ಮಹಾವೀರನ ಸಮಖಾತವೂ ಒಟ್ಟಿಗೆ ಬರಬೇಕು. 'ಘನಫಲ' ಎಂಬ ನಮೂದಿನಡಿ ಅದು ಲೀಲಾವತಿಯ ಖಾತವ್ಯವಹಾರದಲ್ಲಿ ಬಳಕೆಯಾದ ಪದವೆಂದೂ, ಮರಾಠಿ ಮತ್ತು ಕನ್ನಡ ಎರಡೂ ಅದನ್ನು ಇಂದಿಗೂ ಉಳಿಸಿಕೊಂಡಿವೆಯೆಂದೂ ದಾಖಲಾಗಬೇಕು. ಇದಕ್ಕೆ ಬೇಕಾದ ಸಾಮಗ್ರಿ ಈಗಾಗಲೇ ಐದು ಭಾಷೆಗಳ ಪಠ್ಯಪುಸ್ತಕಗಳಲ್ಲಿಯೂ ಅಚ್ಚಾದ ಪ್ರಾಚೀನ ಗ್ರಂಥಗಳಲ್ಲಿಯೂ ಇದೆ. ಅದನ್ನು ಅಕ್ಕಪಕ್ಕದಲ್ಲಿಟ್ಟು ಓದಬಲ್ಲವರು, ಎರಡು ಭಾಷೆಗಳಲ್ಲಿ ಬದುಕುವ ಗಡಿನಾಡ ಅಧ್ಯಾಪಕರೇ. 12, 10, 6, 5, 7 ಎಂಬ ಅಳತೆಗಳ ಬಾವಿಯನ್ನು ಅವರು ತರಗತಿಯಲ್ಲಿ ಒಮ್ಮೆ ಬಿಡಿಸಿ ತೋರಿಸಿದರೆ, 472.5ಕ್ಕೂ 525ಕ್ಕೂ ನಡುವೆ ಯಾರ ಕೂಲಿ ಎಷ್ಟು ಏರುಪೇರಾಗುತ್ತದೆಂದು ಲೆಕ್ಕ ಹಾಕುವ ವಿದ್ಯಾರ್ಥಿಗೆ ಸೂತ್ರವೂ ಅದರ ಹೆಸರುಗಳೂ ಒಟ್ಟಿಗೆ ನೆನಪಿನಲ್ಲಿ ಉಳಿಯುತ್ತವೆ.